ಕ್ಲೇರ್ ಪ್ಯಾಟರ್ಸನ್

ಕ್ಲೇರ್ ಕ್ಯಾಮರಾನ್ ಪ್ಯಾಟರ್ಸನ್ (ಜೂನ್ 2, 1922 – ಡಿಸೆಂಬರ್ 5, 1995) ಅಮೆರಿಕದ ಭೂರಸಾಯನವಿಜ್ಞಾನಿ. ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣದಿಂದ ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷಗಳೆಂದು ನಿರ್ಣಯಿಸಿದವರು. ಅದೇ ಉಪಕರಣವನ್ನು ಬಳಸಿ ಸಮುದ್ರದ ನೀರು, ಧ್ರುವಪ್ರದೇಶದ ಹಿಮ, ಆಹಾರ ಮತ್ತು ಮನುಷ್ಯರ ಮೂಳೆಗಳಲ್ಲಿ ಸೇರಿಕೊಂಡ ಸೀಸವನ್ನೂ ಅವರು ಅಳೆದರು. ಸೀಸಯುಕ್ತ ಪೆಟ್ರೋಲು ಇಡೀ ಭೂಗೋಳವನ್ನು ಮಲಿನಗೊಳಿಸಿದೆ ಎಂಬುದಕ್ಕೆ ಬಲವಾದ ಪುರಾವೆಗಳನ್ನು ಒದಗಿಸಿದವರಲ್ಲಿ ಅವರು ಪ್ರಮುಖರು.

ಎಲ್ಲರಲ್ಲಿಯೂ ಸಾಮಾನ್ಯವಾಗಿ ಕಂಡುಬರುವ ಪ್ರಮಾಣವನ್ನು ಸಹಜವಾದ ಪ್ರಮಾಣವೆಂದು ಭಾವಿಸಬಾರದು ಎಂಬುದು ಅವರ ವೈಜ್ಞಾನಿಕ ಜೀವನದ ಮುಖ್ಯ ಪ್ರತಿಪಾದನೆ. ಪರಿಸರ ವಿಷವಿಜ್ಞಾನದಲ್ಲಿ ಈ ವಿಚಾರಕ್ಕೆ ಇಂದಿಗೂ ಮೂಲಭೂತ ಸ್ಥಾನವಿದೆ.

ಬಾಲ್ಯ ಮತ್ತು ಶಿಕ್ಷಣ

ಪ್ಯಾಟರ್ಸನ್ ಅಮೆರಿಕದ ಅಯೋವಾ ರಾಜ್ಯದ ಮಿಚೆಲ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಅಂಚೆ ಇಲಾಖೆಯ ನೌಕರರಾಗಿದ್ದರು. ತಾಯಿ ಸ್ಥಳೀಯ ಶಾಲಾ ಮಂಡಳಿಯ ಕೆಲಸಗಳಲ್ಲಿ ತೊಡಗಿಕೊಂಡಿದ್ದರು. ಬಾಲ್ಯದಲ್ಲಿ ತಾಯಿ ತಂದುಕೊಟ್ಟ ರಸಾಯನವಿಜ್ಞಾನದ ಪ್ರಯೋಗಪೆಟ್ಟಿಗೆ ಅವರಲ್ಲಿ ಆ ವಿಷಯದ ಬಗ್ಗೆ ಆಸಕ್ತಿಯನ್ನು ಮೂಡಿಸಿತು. ಗ್ರಿನೆಲ್ ಕಾಲೇಜಿನಲ್ಲಿ ರಸಾಯನವಿಜ್ಞಾನವನ್ನು ಅಭ್ಯಸಿಸಿ 1943ರಲ್ಲಿ ಪದವಿ ಪಡೆದರು. ಸಹಪಾಠಿ ಲೋರ್ನಾ ಮೆಕ್‌ಕ್ಲೀರಿ ಅವರ ಪರಿಚಯವಾದದ್ದು ಅಲ್ಲಿಯೇ. ಮುಂದೆ ಇಬ್ಬರೂ ವಿವಾಹವಾದರು. 1944ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಅಣುಗಳ ರೋಹಿತವನ್ನು ಕುರಿತ ಅಧ್ಯಯನಕ್ಕಾಗಿ ಸ್ನಾತಕೋತ್ತರ ಪದವಿ ಪಡೆದರು.

ಯುದ್ಧಕಾಲದ ಕೆಲಸ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ ಪ್ಯಾಟರ್ಸನ್ ದಂಪತಿ ಪರಮಾಣು ಬಾಂಬ್ ತಯಾರಿಕೆಯ ಮ್ಯಾನ್‌ಹಟನ್ ಯೋಜನೆಯನ್ನು ಸೇರಿದರು. ಮೊದಲು ಶಿಕಾಗೊದಲ್ಲಿ, ಅನಂತರ ಟೆನೆಸಿ ರಾಜ್ಯದ ಓಕ್ ರಿಡ್ಜ್‌ನಲ್ಲಿ ಕೆಲಸ ಮಾಡಿದರು. ಓಕ್ ರಿಡ್ಜ್‌ನಲ್ಲಿ ಯುರೇನಿಯಂ 235ನ್ನು ಯುರೇನಿಯಂ 238ರಿಂದ ಬೇರ್ಪಡಿಸುವ ಕಾರ್ಯ ನಡೆಯುತ್ತಿತ್ತು. ಪ್ಯಾಟರ್ಸನ್ ಮಾಸ್ ಸ್ಪೆಕ್ಟ್ರೋಮೀಟರ್ ಬಳಕೆಯನ್ನು ಕಲಿತದ್ದು ಇಲ್ಲಿಯೇ.

ಈ ಉಪಕರಣದ ತತ್ತ್ವ ಸರಳವಾದುದು. ಪರೀಕ್ಷಿಸಬೇಕಾದ ವಸ್ತುವಿನ ಪರಮಾಣುಗಳಿಗೆ ವಿದ್ಯುದಾವೇಶವನ್ನು ನೀಡಿ, ಅವುಗಳನ್ನು ವೇಗವಾಗಿ ಕಾಂತಕ್ಷೇತ್ರದ ಮೂಲಕ ಹಾಯಿಸಲಾಗುತ್ತದೆ. ಹಗುರವಾದ ಪರಮಾಣುಗಳು ಹೆಚ್ಚು ಬಾಗುತ್ತವೆ. ಭಾರವಾದವು ಕಡಿಮೆ ಬಾಗುತ್ತವೆ. ಹೀಗೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ರೂಪಗಳು, ಅಂದರೆ ಸಮಸ್ಥಾನಿಗಳು, ಪ್ರತ್ಯೇಕಗೊಂಡು ಒಂದೊಂದೂ ಎಷ್ಟೆಷ್ಟು ಇದೆ ಎಂಬುದು ತಿಳಿಯುತ್ತದೆ. ಬಾಂಬ್ ತಯಾರಿಕೆಯಲ್ಲಿ ಪಾಲ್ಗೊಂಡುದರ ಬಗ್ಗೆ ಪ್ಯಾಟರ್ಸನ್ ಮುಂದೆ ವಿಷಾದಪಟ್ಟರು. ಆದರೆ ಅಲ್ಲಿ ಕಲಿತ ವಿದ್ಯೆ ಅವರ ಮುಂದಿನ ಎಲ್ಲ ಸಂಶೋಧನೆಗೂ ಆಧಾರವಾಯಿತು.

ಶಿಕಾಗೊದಲ್ಲಿ ಸಂಶೋಧನೆ

ಯುದ್ಧಾನಂತರ ಪ್ಯಾಟರ್ಸನ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹ್ಯಾರಿಸನ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಸಂಶೋಧನೆಗೆ ತೊಡಗಿದರು. ಶಿಲೆಗಳ ವಯಸ್ಸನ್ನು ಅವುಗಳಲ್ಲಿರುವ ಯುರೇನಿಯಂ ಮತ್ತು ಸೀಸದ ಪ್ರಮಾಣದಿಂದ ಕಂಡುಹಿಡಿಯಬೇಕೆಂಬುದು ಬ್ರೌನ್ ಅವರ ಯೋಜನೆ. ಯುರೇನಿಯಂ 238 ಸುಮಾರು 447 ಕೋಟಿ ವರ್ಷಗಳ ಅರ್ಧಾಯುವಿನೊಂದಿಗೆ ಕ್ಷಯಿಸುತ್ತ ಕೊನೆಗೆ ಸೀಸ 206 ಆಗುತ್ತದೆ. ಯುರೇನಿಯಂ 235 ಸುಮಾರು 70 ಕೋಟಿ ವರ್ಷಗಳ ಅರ್ಧಾಯುವಿನೊಂದಿಗೆ ಸೀಸ 207 ಆಗುತ್ತದೆ. ಸೀಸ 204 ಮಾತ್ರ ಯಾವುದೇ ವಿಕಿರಣಶೀಲ ಕ್ಷಯದಿಂದ ಹುಟ್ಟುವುದಿಲ್ಲ. ಆದುದರಿಂದ ಈ ಸಮಸ್ಥಾನಿಗಳ ಅನುಪಾತ ಶಿಲೆಯೊಳಗಿನ ಗಡಿಯಾರದಂತೆ ಕೆಲಸ ಮಾಡುತ್ತದೆ.

ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳಲ್ಲಿ ಯುರೇನಿಯಂ ಅಳೆಯುವ ಕೆಲಸ ಸಹವಿದ್ಯಾರ್ಥಿ ಜಾರ್ಜ್ ಟಿಲ್ಟನ್ ಅವರ ಪಾಲಿಗೆ ಬಂದರೆ, ಸೀಸವನ್ನು ಅಳೆಯುವ ಕೆಲಸ ಪ್ಯಾಟರ್ಸನ್ ಅವರ ಪಾಲಿಗೆ ಬಂದಿತು. ಟಿಲ್ಟನ್ ಅವರ ಅಳತೆಗಳು ನಿರೀಕ್ಷೆಗೆ ಹೊಂದಿಕೊಂಡವು. ಪ್ಯಾಟರ್ಸನ್ ಅವರ ಅಳತೆಗಳು ಹೊಂದಿಕೊಳ್ಳಲಿಲ್ಲ. ಹರಳುಗಳಲ್ಲಿ ಇರಬೇಕಾದುದಕ್ಕಿಂತ ಬಹುಪಾಲು ಹೆಚ್ಚು ಸೀಸ ಕಂಡುಬರುತ್ತಿತ್ತು. ಪ್ರತಿ ಸಲವೂ ಬೇರೆ ಬೇರೆ ಪ್ರಮಾಣದಲ್ಲಿ ಕಂಡುಬರುತ್ತಿತ್ತು. ಶಿಲೆಯ ಮಾದರಿಯನ್ನೇ ಹಾಕದೆ ನಡೆಸಿದ ಪ್ರಯೋಗದಲ್ಲಿಯೂ ಸೀಸ ಕಾಣಿಸಿತು. ಆಗ ಅವರಿಗೆ ದೋಷವೆಲ್ಲಿದೆ ಎಂಬುದು ಹೊಳೆಯಿತು. ಸೀಸ ಹರಳಿನಿಂದ ಬರುತ್ತಿರಲಿಲ್ಲ. ಅದು ನಲ್ಲಿಯ ನೀರಿನಲ್ಲಿ, ಗಾಜಿನ ಪಾತ್ರೆಗಳಲ್ಲಿ, ಆಮ್ಲಗಳಲ್ಲಿ, ಗೋಡೆಯ ಬಣ್ಣದಲ್ಲಿ, ಕೋಣೆಯ ಧೂಳಿನಲ್ಲಿ, ಸಂಶೋಧಕರ ಚರ್ಮ ಮತ್ತು ಬಟ್ಟೆಗಳಲ್ಲಿ ಇತ್ತು.

ಈ ಸೀಸವನ್ನು ತೊಡೆದುಹಾಕುವುದಕ್ಕೆ ಅವರು ವರ್ಷಗಳನ್ನೇ ವ್ಯಯಿಸಿದರು. ಪಾತ್ರೆಗಳನ್ನು ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದರು. ನೀರು ಮತ್ತು ರಾಸಾಯನಿಕಗಳನ್ನು ತಾವೇ ಶುದ್ಧೀಕರಿಸಿಕೊಂಡರು. ಪ್ರತಿ ಹಂತದಲ್ಲಿಯೂ ಹೊರಗಿನ ಸೀಸ ಎಷ್ಟು ಸೇರುತ್ತದೆ ಎಂಬುದನ್ನು ಲೆಕ್ಕವಿಟ್ಟರು. 1951ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಭೂಮಿಯ ವಯಸ್ಸು

1952ರಲ್ಲಿ ಹ್ಯಾರಿಸನ್ ಬ್ರೌನ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಗೆ ತೆರಳಿದಾಗ ಪ್ಯಾಟರ್ಸನ್ ಕೂಡ ಅಲ್ಲಿಗೆ ಹೋದರು. ಮುಂದಿನ ನಾಲ್ಕು ದಶಕಗಳ ಕಾಲ ಅದೇ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಅವರು ಅತಿಶುದ್ಧ ಪ್ರಯೋಗಾಲಯವೊಂದನ್ನು ಕಟ್ಟಿಸಿದರು. ಸೋಸಿದ ಗಾಳಿಯನ್ನು ಒತ್ತಡದಿಂದ ಒಳಕ್ಕೆ ಹಾಯಿಸುವ ವ್ಯವಸ್ಥೆಯಿಂದಾಗಿ ಹೊರಗಿನ ಧೂಳು ಒಳಗೆ ಬರುತ್ತಿರಲಿಲ್ಲ. ಒಳಗೆ ಕೆಲಸ ಮಾಡುವವರು ವಿಶೇಷ ಉಡುಪು ಧರಿಸಬೇಕಾಗಿತ್ತು. ಇಂದಿನ ಅತಿಶುದ್ಧ ಪ್ರಯೋಗಾಲಯಗಳ ಪೂರ್ವಜರಲ್ಲಿ ಇದೂ ಒಂದು.

ಭೂಮಿಯ ಮೇಲಿನ ಶಿಲೆಗಳು ಕರಗಿ, ಸವೆದು, ಮತ್ತೆ ರೂಪುಗೊಂಡಿರುವುದರಿಂದ ಭೂಮಿ ಹುಟ್ಟಿದ ಕಾಲದ ಶಿಲೆಗಳು ದೊರೆಯುವುದಿಲ್ಲ. ಆದರೆ ಸೌರಮಂಡಲ ರೂಪುಗೊಂಡಾಗ ಉಳಿದ ತುಣುಕುಗಳಾದ ಉಲ್ಕಾಶಿಲೆಗಳು ಹೆಚ್ಚಿನ ಬದಲಾವಣೆಗೆ ಒಳಗಾಗಿಲ್ಲ. ಕಬ್ಬಿಣದ ಉಲ್ಕಾಶಿಲೆಗಳಲ್ಲಿರುವ ಟ್ರಾಯ್ಲೈಟ್ ಎಂಬ ಖನಿಜದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿರುವ ಸೀಸ ಸೌರಮಂಡಲದ ಆರಂಭಕಾಲದ ಸೀಸವೇ ಆಗಿರುತ್ತದೆ. ಅರಿಝೋನಾದ ಬೃಹತ್ ಕುಳಿಯನ್ನು ಉಂಟುಮಾಡಿದ ಕ್ಯಾನಿಯನ್ ಡಯಾಬ್ಲೊ ಉಲ್ಕಾಶಿಲೆಯ ಮಾದರಿಯಿಂದ ಈ ಸೀಸವನ್ನು ಬೇರ್ಪಡಿಸಿದ ಪ್ಯಾಟರ್ಸನ್, 1953ರಲ್ಲಿ ಶಿಕಾಗೊ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅದನ್ನು ಅಳೆದರು. ಹಲವು ಶತಮಾನಗಳಿಂದ ವಿದ್ವಾಂಸರು ಕೇಳುತ್ತ ಬಂದಿದ್ದ ಪ್ರಶ್ನೆಗೆ ಉತ್ತರ ದೊರೆಯಿತು. ಅಲ್ಲಿಂದ ಅವರು ತಂದೆತಾಯಿಗಳಿದ್ದ ಅಯೋವಾಕ್ಕೆ ಹೋದರು. ಉದ್ವೇಗದಿಂದ ಹೃದಯಾಘಾತವಾಗುತ್ತಿದೆಯೆಂದು ಹೆದರಿ, ತಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವಂತೆ ತಾಯಿಯನ್ನು ಕೇಳಿಕೊಂಡ ಪ್ರಸಂಗ ಪ್ರಸಿದ್ಧವಾಗಿದೆ.

ಪ್ಯಾಟರ್ಸನ್ ಪ್ರಕಟಿಸಿದ ಅಳತೆಗಳನ್ನು ಬಳಸಿಕೊಂಡು ಅದೇ ವರ್ಷ ಫ್ರಿಟ್ಜ್ ಹೂಟರ್‌ಮನ್ಸ್ ಕೂಡ ಭೂಮಿಗೆ ಸುಮಾರು 450 ಕೋಟಿ ವರ್ಷಗಳೆಂದು ಲೆಕ್ಕ ಹಾಕಿದರು. ಪ್ಯಾಟರ್ಸನ್ ಇನ್ನಷ್ಟು ಉಲ್ಕಾಶಿಲೆಗಳನ್ನು ಪರೀಕ್ಷಿಸಿ 1956ರಲ್ಲಿ ಅಂತಿಮ ಲೇಖನವನ್ನು ಪ್ರಕಟಿಸಿದರು. ಮೂರು ಕಲ್ಲಿನ ಮತ್ತು ಎರಡು ಕಬ್ಬಿಣದ ಉಲ್ಕಾಶಿಲೆಗಳ ಸೀಸದ ಅನುಪಾತಗಳು ನಕ್ಷೆಯಲ್ಲಿ ಒಂದೇ ಸರಳರೇಖೆಯ ಮೇಲೆ ಬಿದ್ದವು. ಸಾಗರತಳದ ಕೆಸರಿನ ಸೀಸವೂ ಅದೇ ರೇಖೆಯ ಮೇಲೆ ಬಿದ್ದಿತು. ಭೂಮಿ ಮತ್ತು ಉಲ್ಕಾಶಿಲೆಗಳ ಮೂಲ ಒಂದೇ ಎಂಬುದು ಇದರಿಂದ ಸ್ಪಷ್ಟವಾಯಿತು. ಅವರು ನೀಡಿದ 455 ಕೋಟಿ ವರ್ಷಗಳ ಅಂಕಿ, 7 ಕೋಟಿ ವರ್ಷಗಳ ಅನಿಶ್ಚಿತತೆಯೊಂದಿಗೆ, ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಸಮುದ್ರದ ನೀರಿನಲ್ಲಿ ಸೀಸ

ಸಾಗರತಳದ ಕೆಸರಿನ ಅಧ್ಯಯನ ಪ್ಯಾಟರ್ಸನ್ ಅವರನ್ನು ಹೊಸ ದಿಕ್ಕಿಗೆ ಒಯ್ದಿತು. ಈ ಅಧ್ಯಯನಕ್ಕೆ ತೈಲೋದ್ಯಮದ ಸಂಘಟನೆಯಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೂಡ ಧನಸಹಾಯ ನೀಡುತ್ತಿತ್ತು. 1962ರಲ್ಲಿ ತ್ಸೈಹ್ವಾ ಚೌ ಅವರೊಂದಿಗೆ ಕೆಸರಿನ ಸೀಸವನ್ನು ಕುರಿತೂ, 1963ರಲ್ಲಿ ಮಿತ್ಸುನೊಬು ತತ್ಸುಮೊಟೊ ಅವರೊಂದಿಗೆ ಸಮುದ್ರದ ನೀರು ಮತ್ತು ಪರ್ವತದ ಹಿಮದ ಸೀಸವನ್ನು ಕುರಿತೂ ಅವರು ಲೇಖನಗಳನ್ನು ಪ್ರಕಟಿಸಿದರು. ಸಮುದ್ರದ ಮೇಲ್ಪದರದ ನೀರಿನಲ್ಲಿ ಆಳದ ನೀರಿಗಿಂತ ಹಲವು ಪಟ್ಟು ಹೆಚ್ಚು ಸೀಸವಿತ್ತು. ಮೇಲಿನ ನೀರು ಆಳದ ನೀರಿನೊಂದಿಗೆ ಬೆರೆಯಲು ನೂರಾರು ವರ್ಷಗಳು ಬೇಕು. ಆದುದರಿಂದ ಮೇಲ್ಪದರದ ಸೀಸ ಇತ್ತೀಚೆಗೆ ಬಂದು ಸೇರಿದ್ದಾಗಿರಬೇಕು ಎಂದು ಅವರು ತೀರ್ಮಾನಿಸಿದರು. ಅದರ ಮುಖ್ಯ ಮೂಲ ಮೋಟಾರು ವಾಹನಗಳ ಹೊಗೆಯೆಂದು ಅವರಿಗೆ ಕಂಡಿತು.

ಸೀಸಯುಕ್ತ ಪೆಟ್ರೋಲಿನ ಹಿನ್ನೆಲೆ

1921ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ ಅವರು ಟೆಟ್ರಾಈಥೈಲ್ ಸೀಸವನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದರು. ಇದು ಬಹುಬೇಗ ಜಗತ್ತಿನಾದ್ಯಂತ ಬಳಕೆಗೆ ಬಂದಿತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ವಿಷಬಾಧೆಯಿಂದ ಭ್ರಮಾಧೀನರಾಗಿ ಮೃತಪಟ್ಟರು. ಮಾರಾಟ ಕೆಲಕಾಲ ನಿಂತು, ಸರ್ಕಾರಿ ಸಮಿತಿಯೊಂದರ ವರದಿಯ ನಂತರ 1926ರಲ್ಲಿ ಪುನಃ ಆರಂಭವಾಯಿತು.

ಅಲ್ಲಿಂದ ಸುಮಾರು 4 ದಶಕಗಳ ಕಾಲ ಸೀಸದ ಆರೋಗ್ಯ ಪರಿಣಾಮಗಳ ವಿಷಯದಲ್ಲಿ ವೈದ್ಯ ರಾಬರ್ಟ್ ಕೀಹೊ ಅವರ ಮಾತೇ ಪ್ರಮಾಣವಾಗಿತ್ತು. ಅವರು ಟೆಟ್ರಾಈಥೈಲ್ ಸೀಸವನ್ನು ತಯಾರಿಸುತ್ತಿದ್ದ ಎಥೈಲ್ ಕಾರ್ಪೊರೇಷನ್ನಿನ ವೈದ್ಯಕೀಯ ಸಲಹೆಗಾರರು. ಸಿನ್ಸಿನಾಟಿಯ ಕೆಟರಿಂಗ್ ಪ್ರಯೋಗಾಲಯದ ನಿರ್ದೇಶಕರು. ಮನುಷ್ಯನ ದೇಹದಲ್ಲಿ ಸೀಸ ಇರುವುದು ಸಹಜ, ದೇಹ ಅದನ್ನು ಹೊರಹಾಕುತ್ತದೆ, ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 80 ಮೈಕ್ರೋಗ್ರಾಂ ಮೀರದಿದ್ದರೆ ಅಪಾಯವಿಲ್ಲ ಎಂಬುದು ಅವರ ವಾದ. ಕಾರ್ಖಾನೆಯ ಕಾರ್ಮಿಕರನ್ನು ಹೋಲಿಸಿ ನೋಡಲು ಅವರು ಮೆಕ್ಸಿಕೋದ ಹಳ್ಳಿಯೊಂದರ ಜನರನ್ನು ಪರೀಕ್ಷಿಸಿದ್ದರು. ಪೆಟ್ರೋಲಿನ ಸೋಂಕಿಲ್ಲದ ಅವರ ದೇಹದಲ್ಲಿಯೂ ಸೀಸ ಕಂಡುಬಂದದ್ದರಿಂದ, ಸೀಸ ಎಲ್ಲ ಮನುಷ್ಯರಲ್ಲಿಯೂ ಇರುವಂಥದೆಂದು ತೀರ್ಮಾನಿಸಿದರು. ಆದರೆ ಆ ಹಳ್ಳಿಗರು ಊಟ ಮಾಡುತ್ತಿದ್ದ ಮಣ್ಣಿನ ಪಾತ್ರೆಗಳಿಗೆ ಸೀಸದ ಮೆರುಗು ಲೇಪಿಸಲಾಗಿತ್ತು.

1965ರ ಲೇಖನ

1965ರಲ್ಲಿ ಪ್ಯಾಟರ್ಸನ್ ಪರಿಸರ ಆರೋಗ್ಯಕ್ಕೆ ಮೀಸಲಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮನುಷ್ಯನ ಸಹಜ ಹಾಗೂ ಮಲಿನ ಸೀಸ ಪರಿಸರಗಳನ್ನು ಕುರಿತ ದೀರ್ಘ ಲೇಖನವನ್ನು ಪ್ರಕಟಿಸಿದರು. ಶಿಲೆ, ಮಣ್ಣು ಮತ್ತು ನೀರಿನಿಂದ ಸಹಜವಾಗಿ ಮನುಷ್ಯದೇಹಕ್ಕೆ ಸೇರಬಹುದಾದ ಸೀಸವೆಷ್ಟು ಎಂಬುದನ್ನು ಅವರು ಭೂರಸಾಯನವಿಜ್ಞಾನದ ನೆರವಿನಿಂದ ಲೆಕ್ಕ ಹಾಕಿದ್ದರು. ಆ ಲೆಕ್ಕದಂತೆ ಅಮೆರಿಕದ ಸಾಮಾನ್ಯ ಪ್ರಜೆಯ ದೇಹದಲ್ಲಿದ್ದ ಸೀಸ ಸಹಜ ಪ್ರಮಾಣದ ಸುಮಾರು 100 ಪಟ್ಟು. ವಿಷಬಾಧೆಯ ಲಕ್ಷಣಗಳು ಕಾಣಿಸಿಕೊಳ್ಳುವ ಮಟ್ಟಕ್ಕೂ ಜನರಲ್ಲಿದ್ದ ಮಟ್ಟಕ್ಕೂ ಇದ್ದ ಅಂತರ ಬಹಳ ಕಿರಿದು. ಹೀಗಿರುವಾಗ ಜನಸಾಮಾನ್ಯರಿಗೆ ಹಾನಿಯೇ ಇಲ್ಲವೆನ್ನುವುದು ಆಧಾರರಹಿತ ಎಂಬುದು ಅವರ ವಾದವಾಗಿತ್ತು.

ಲೇಖನಕ್ಕೆ ತೀವ್ರ ಪ್ರತಿರೋಧ ವ್ಯಕ್ತವಾಯಿತು. ವೈದ್ಯನಲ್ಲದ ಭೂವಿಜ್ಞಾನಿ ತನಗೆ ಸಂಬಂಧಿಸದ ವಿಷಯದಲ್ಲಿ ಕೈಹಾಕಿದ್ದಾನೆಂಬ ಟೀಕೆ ವಿಷವಿಜ್ಞಾನಿಗಳಿಂದ ಬಂದಿತು. ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಧನಸಹಾಯ ನಿಂತುಹೋಯಿತು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯೊಂದಿಗಿನ ಒಪ್ಪಂದ ನವೀಕರಣಗೊಳ್ಳಲಿಲ್ಲ. ಪ್ಯಾಟರ್ಸನ್ ಹಿಂಜರಿಯಲಿಲ್ಲ. 1966ರಲ್ಲಿ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಅಧ್ಯಕ್ಷತೆಯ ಉಪಸಮಿತಿ ನಡೆಸಿದ ವಿಚಾರಣೆಯಲ್ಲಿ ಕೀಹೊ ಮತ್ತು ಪ್ಯಾಟರ್ಸನ್ ಇಬ್ಬರೂ ಹೇಳಿಕೆ ನೀಡಿದರು. ಸೀಸವನ್ನು ತಯಾರಿಸುವ ಉದ್ಯಮವೇ ಅದರ ಆರೋಗ್ಯ ಪರಿಣಾಮಗಳ ಮಾಹಿತಿಯನ್ನೂ ಒದಗಿಸುವುದು ತಪ್ಪೆಂದು ಪ್ಯಾಟರ್ಸನ್ ಅಲ್ಲಿ ಪ್ರತಿಪಾದಿಸಿದರು.

ಹಿಮಪದರಗಳ ಸಾಕ್ಷ್ಯ

ಮಾಲಿನ್ಯ ಯಾವಾಗ ಆರಂಭವಾಯಿತು ಎಂಬುದನ್ನು ತೋರಿಸಲು ಕಾಲಾನುಕ್ರಮದ ದಾಖಲೆ ಬೇಕಾಗಿತ್ತು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳಲ್ಲಿ ವರ್ಷ ವರ್ಷವೂ ಬಿದ್ದ ಹಿಮ ಪದರ ಪದರವಾಗಿ ಶೇಖರಗೊಂಡಿದೆ. ಪ್ಯಾಟರ್ಸನ್ ಮತ್ತು ಸಂಗಡಿಗರು ಆಮ್ಲದಲ್ಲಿ ತೊಳೆದ ಉಪಕರಣಗಳನ್ನೂ ಕೈಗವಸುಗಳನ್ನೂ ಬಳಸಿ, ಕೊರೆಯುವ ಶೀತದಲ್ಲಿ, ಹಿಮದೊಳಗಿನ ಸುರಂಗಗಳಿಂದ ದೊಡ್ಡ ದೊಡ್ಡ ತುಂಡುಗಳನ್ನು ಕತ್ತರಿಸಿ ತೆಗೆದರು.

ಮುರೊಝುಮಿ ಮತ್ತು ಚೌ ಅವರೊಂದಿಗೆ 1969ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಗ್ರೀನ್‌ಲ್ಯಾಂಡಿನಲ್ಲಿ ಕ್ರಿಸ್ತಪೂರ್ವ 800ರ ಸುಮಾರಿನ ಮಂಜುಗಡ್ಡೆಯ ಪ್ರತಿ ಕಿಲೋಗ್ರಾಂನಲ್ಲಿ 0.001 ಮೈಕ್ರೋಗ್ರಾಂಗಿಂತ ಕಡಿಮೆ ಸೀಸವಿತ್ತು. 1960ರ ದಶಕದ ಹಿಮದಲ್ಲಿ ಅದು 0.2 ಮೈಕ್ರೋಗ್ರಾಂ ಮೀರಿತ್ತು. ಅಂದರೆ 200 ಪಟ್ಟಿಗೂ ಹೆಚ್ಚು. ಅತಿ ಕಡಿದಾದ ಏರಿಕೆ 1940ರ ನಂತರದ್ದು. ಜನವಸತಿಯಿಂದ ಬಹುದೂರವಿರುವ ಅಂಟಾರ್ಕ್ಟಿಕಾದಲ್ಲಿ ಸೀಸದ ಪ್ರಮಾಣ ಬಹಳ ಕಡಿಮೆಯಿದ್ದರೂ ಅಲ್ಲಿಯೂ 1940ರ ನಂತರ ಏರಿಕೆ ಕಂಡುಬಂದಿತು. ಮುಂದೆ 1994ರಲ್ಲಿ ಫ್ರಾನ್ಸಿನ ವಿಜ್ಞಾನಿಗಳೊಂದಿಗೆ ನಡೆಸಿದ ಅಧ್ಯಯನದಲ್ಲಿ, ಗ್ರೀಕ್ ಮತ್ತು ರೋಮನ್ ಕಾಲದ ಗಣಿಗಾರಿಕೆ ಹಾಗೂ ಲೋಹ ಕರಗಿಸುವಿಕೆಯ ಹೊಗೆಯೂ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ಗುರುತು ಬಿಟ್ಟಿರುವುದನ್ನು ತೋರಿಸಿದರು.

ಮೂಳೆ, ಆಹಾರ ಮತ್ತು ಕಣಿವೆ

ಸೀಸ ದೇಹದೊಳಗೆ ಸುಣ್ಣಾಂಶವಾದ ಕ್ಯಾಲ್ಸಿಯಂನಂತೆ ವರ್ತಿಸಿ ಮೂಳೆಗಳಲ್ಲಿ ದಶಕಗಳ ಕಾಲ ಉಳಿಯುತ್ತದೆ. ಆದುದರಿಂದ ಮೂಳೆ ಜೀವಮಾನದ ದಾಖಲೆಯಿದ್ದಂತೆ. ಪೆರು ದೇಶದಲ್ಲಿ ದೊರೆತ ಸುಮಾರು 1,600 ವರ್ಷಗಳ ಹಿಂದಿನ ಜನರ ಮೂಳೆ ಮತ್ತು ಹಲ್ಲುಗಳನ್ನು ಪರೀಕ್ಷಿಸಿ ಪ್ಯಾಟರ್ಸನ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಲೇಖನ ಪ್ರಕಟಿಸಿದರು. ಆಧುನಿಕ ಅಮೆರಿಕನ್ನರ ಮೂಳೆಗಳಲ್ಲಿ ಅದಕ್ಕಿಂತ ಹಲವು ನೂರು ಪಟ್ಟು ಹೆಚ್ಚು ಸೀಸವಿತ್ತು. 1965ರಲ್ಲಿ ತಾವು ಹಾಕಿದ್ದ 100 ಪಟ್ಟಿನ ಲೆಕ್ಕವೇ ಕಡಿಮೆಯಾಗಿತ್ತೆಂಬುದು ಇದರಿಂದ ಅವರಿಗೆ ಮನವರಿಕೆಯಾಯಿತು.

1980ರಲ್ಲಿ ಡೊರೊತಿ ಸೆಟಲ್ ಅವರೊಂದಿಗೆ ಟ್ಯೂನಾ ಮೀನಿನ ಸೀಸವನ್ನು ಅಳೆದರು. ಸಮುದ್ರದಿಂದ ಹಿಡಿದ ಮೀನಿನ ಮಾಂಸದ ಪ್ರತಿ ಗ್ರಾಂನಲ್ಲಿ 0.3 ನ್ಯಾನೋಗ್ರಾಂ ಸೀಸವಿದ್ದರೆ, ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ 1,400 ನ್ಯಾನೋಗ್ರಾಂ ಇತ್ತು. ತಾಜಾ ಮೀನಿನಲ್ಲಿಯೇ ಬಹಳ ಸೀಸವಿದೆಯೆಂದು ಇತರ ಪ್ರಯೋಗಾಲಯಗಳು ವರದಿ ಮಾಡುತ್ತಿದ್ದುದಕ್ಕೆ ಆ ಪ್ರಯೋಗಾಲಯಗಳ ಮಾಲಿನ್ಯವೇ ಕಾರಣವೆಂದು ಅವರು ತೋರಿಸಿದರು. ಮೀನು ಮತ್ತು ಡಬ್ಬಿಯ ನಡುವಿನ ವ್ಯತ್ಯಾಸ ಅಳತೆಯ ದೋಷದಲ್ಲಿ ಮರೆಯಾಗಿ, ಡಬ್ಬಿಯಿಂದ ಬರುವ ಸೀಸ ಗಮನಕ್ಕೆ ಬಾರದೆ ಉಳಿದಿತ್ತು. ಅಮೆರಿಕದಲ್ಲಿ ಆಹಾರದ ಡಬ್ಬಿಗಳಿಗೆ ಸೀಸದ ಬೆಸುಗೆ ಹಾಕುವುದು ಕ್ರಮೇಣ ನಿಂತುಹೋಯಿತು.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ನಿರ್ಜನ ಕಣಿವೆಯೊಂದರಲ್ಲಿ ಅವರ ತಂಡ ಶಿಲೆಯಿಂದ ಮಣ್ಣಿಗೆ, ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ಪ್ರಾಣಿಗೆ ಸೀಸ ಸಾಗುವ ಬಗೆಯನ್ನು ಅನೇಕ ವರ್ಷ ಅಧ್ಯಯನ ಮಾಡಿತು. ಜೀವಿಗಳು ಕ್ಯಾಲ್ಸಿಯಂ ಅನ್ನು ಹೀರಿಕೊಂಡು ಸೀಸವನ್ನು ಆದಷ್ಟು ಹೊರಗಿಡುತ್ತವೆ. ಹೀಗಾಗಿ ಆಹಾರ ಸರಪಳಿಯ ಪ್ರತಿ ಹಂತದಲ್ಲಿಯೂ ಕ್ಯಾಲ್ಸಿಯಂಗೆ ಹೋಲಿಸಿದಾಗ ಸೀಸದ ಪಾಲು ಕಡಿಮೆಯಾಗುತ್ತ ಬರಬೇಕು. ಆದರೆ ಆ ನಿರ್ಜನ ಕಣಿವೆಯ ಎಲೆಗಳ ಮೇಲೆ, ಪ್ರಾಣಿಗಳ ತುಪ್ಪಳದ ಮೇಲೆ ಗಾಳಿಯಿಂದ ಬಂದ ಸೀಸ ಕುಳಿತಿತ್ತು.

ಸಮಿತಿಗಳು ಮತ್ತು ಭಿನ್ನಮತ

1971ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿ ವಾತಾವರಣದ ಸೀಸವನ್ನು ಕುರಿತು ಸಮಿತಿ ರಚಿಸಿದಾಗ, ಆ ವಿಷಯದಲ್ಲಿ ಅಗ್ರಗಣ್ಯರಾಗಿದ್ದ ಪ್ಯಾಟರ್ಸನ್ ಅವರಿಗೆ ಅದರಲ್ಲಿ ಸ್ಥಾನ ದೊರೆಯಲಿಲ್ಲ. 1978ರಲ್ಲಿ ರಚನೆಯಾದ ಮತ್ತೊಂದು ಸಮಿತಿಗೆ ಅವರನ್ನು ಸೇರಿಸಿಕೊಳ್ಳಲಾಯಿತು. ಇನ್ನಷ್ಟು ಸಂಶೋಧನೆ ಅಗತ್ಯವೆಂದು ಇತರ ಸದಸ್ಯರು ಅಭಿಪ್ರಾಯಪಟ್ಟರು. ಪ್ಯಾಟರ್ಸನ್ ಅದಕ್ಕೆ ಒಪ್ಪದೆ 78 ಪುಟಗಳ ಪ್ರತ್ಯೇಕ ಭಿನ್ನಮತದ ವರದಿಯನ್ನು ಬರೆದರು. ಪೆಟ್ರೋಲು, ಆಹಾರದ ಡಬ್ಬಿ, ಬಣ್ಣ, ಪಾತ್ರೆಗಳ ಮೆರುಗು ಮತ್ತು ನೀರಿನ ಕೊಳವೆಗಳಲ್ಲಿ ಸೀಸದ ಬಳಕೆಯನ್ನು ವಿಳಂಬವಿಲ್ಲದೆ ನಿಲ್ಲಿಸಬೇಕೆಂದು ಅದರಲ್ಲಿ ಒತ್ತಾಯಿಸಿದರು. ಅವರ ಶಿಫಾರಸುಗಳಲ್ಲಿ ಬಹುಪಾಲು ಮುಂದೆ ಜಾರಿಗೆ ಬಂದವು.

ಇದೇ ಕಾಲದಲ್ಲಿ ವೈದ್ಯಕೀಯ ಪುರಾವೆಗಳೂ ಬಲಗೊಂಡವು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮತ್ತು ಸಹೋದ್ಯೋಗಿಗಳು ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿದರು. ಹಲ್ಲಿನಲ್ಲಿ ಹೆಚ್ಚು ಸೀಸವಿದ್ದ ಮಕ್ಕಳು, ಹೊರನೋಟಕ್ಕೆ ಯಾವ ಕಾಯಿಲೆಯೂ ಇಲ್ಲದಿದ್ದರೂ, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮತ್ತು ತರಗತಿಯ ಏಕಾಗ್ರತೆಯಲ್ಲಿ ಹಿಂದುಳಿದಿದ್ದರು. ವಿಷಬಾಧೆಯ ಲಕ್ಷಣ ಕಾಣದ ಮಟ್ಟದಲ್ಲಿಯೂ ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ ಎಂಬುದು ಇದರಿಂದ ಬೆಳಕಿಗೆ ಬಂದಿತು.

ಸೀಸಮುಕ್ತ ಪೆಟ್ರೋಲು

ಅಮೆರಿಕದಲ್ಲಿ 1970ರ ಶುದ್ಧ ವಾಯು ಕಾಯಿದೆಯ ನಂತರ ಪೆಟ್ರೋಲಿನ ಸೀಸವನ್ನು ಹಂತಹಂತವಾಗಿ ಕಡಿಮೆ ಮಾಡಲಾಯಿತು. ಹೊಗೆಯನ್ನು ಶುದ್ಧೀಕರಿಸುವ ವೇಗವರ್ಧಕ ಸಾಧನವನ್ನು ಸೀಸ ಹಾಳುಮಾಡುತ್ತಿದ್ದುದೂ ಇದಕ್ಕೆ ಒಂದು ಕಾರಣ. 1976–80ರ ಅವಧಿಯಲ್ಲಿ ಅಮೆರಿಕನ್ನರ ರಕ್ತದಲ್ಲಿ ಸರಾಸರಿ ಪ್ರತಿ ಡೆಸಿಲೀಟರ್‌ಗೆ 12.8 ಮೈಕ್ರೋಗ್ರಾಂ ಇದ್ದ ಸೀಸ, 1988–91ರ ವೇಳೆಗೆ 2.8 ಮೈಕ್ರೋಗ್ರಾಂಗೆ ಇಳಿಯಿತು. ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲಿನ ಮಾರಾಟವನ್ನು 1996ರ ಜನವರಿ 1ರಿಂದ ಸಂಪೂರ್ಣ ನಿಷೇಧಿಸಲಾಯಿತು. ಪ್ಯಾಟರ್ಸನ್ ನಿಧನರಾಗಿ ಆಗ ಒಂದು ತಿಂಗಳೂ ತುಂಬಿರಲಿಲ್ಲ.

ಭಾರತದಲ್ಲಿ ಸೀಸರಹಿತ ಪೆಟ್ರೋಲು 1995ರಲ್ಲಿ ಮಹಾನಗರಗಳಲ್ಲಿ ದೊರೆಯತೊಡಗಿತು. 1999ರ ಫೆಬ್ರುವರಿಯಲ್ಲಿ ಸೀಸದ ವಿಷಬಾಧೆಯ ತಡೆ ಮತ್ತು ಚಿಕಿತ್ಸೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. 2000ದಲ್ಲಿ ದೇಶಾದ್ಯಂತ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. ಜಗತ್ತಿನಲ್ಲಿ ಕಟ್ಟಕಡೆಗೆ ಇದನ್ನು ಕೈಬಿಟ್ಟ ದೇಶ ಅಲ್ಜೀರಿಯಾ, ಅದು 2021ರಲ್ಲಿ. ಬಣ್ಣ, ಹಳೆಯ ಬ್ಯಾಟರಿಗಳ ಮರುಬಳಕೆ ಮತ್ತು ಪಾತ್ರೆಗಳ ಮೆರುಗುಗಳಿಂದ ಬರುವ ಸೀಸ ಇಂದಿಗೂ ಅನೇಕ ದೇಶಗಳಲ್ಲಿ ಸಮಸ್ಯೆಯಾಗಿಯೇ ಉಳಿದಿದೆ.

ವೈಜ್ಞಾನಿಕ ಮಹತ್ವ

ಪ್ಯಾಟರ್ಸನ್ ಅವರ ಕಾಲದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ದೇಹಕ್ಕೆ ಸೇರಿದ ವಿಷವನ್ನು ಅಳೆಯುತ್ತಿತ್ತು. ಇಂದು ಅದೇ ತತ್ತ್ವದ ಉಪಕರಣಗಳು ವಿಷಕ್ಕೆ ದೇಹ ತೋರುವ ಪ್ರತಿಕ್ರಿಯೆಯನ್ನೂ ಅಳೆಯುತ್ತವೆ. ಜೀವಕೋಶಗಳ ಚಯಾಪಚಯ ಕ್ರಿಯೆಯಲ್ಲಿ ಉಂಟಾಗುವ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುವ ಶಾಸ್ತ್ರಕ್ಕೆ ಮೆಟಬಾಲಮಿಕ್ಸ್ ಎಂದು ಹೆಸರು. ಸೀಸದ ಉದಾಹರಣೆಯನ್ನೇ ತೆಗೆದುಕೊಂಡರೆ, ರಕ್ತದ ಕೆಂಪು ವರ್ಣಕದ ಭಾಗವಾದ ಹೀಮ್ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ಅದು ತಡೆಹಿಡಿಯುತ್ತದೆ. ಆಗ ಡೆಲ್ಟಾ ಅಮೈನೋಲೆವುಲಿನಿಕ್ ಆಮ್ಲ ಬಳಕೆಯಾಗದೆ ಉಳಿದು ರಕ್ತ ಮತ್ತು ಮೂತ್ರಗಳಲ್ಲಿ ಹೆಚ್ಚುತ್ತದೆ. ಇಂತಹ ಅಣುಗಳ ಏರುಪೇರಿನಿಂದ, ರೋಗಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಮೊದಲೇ ದೇಹದ ಮೇಲಾಗಿರುವ ಪರಿಣಾಮವನ್ನು ಗುರುತಿಸಬಹುದು.

ಈ ಅಧ್ಯಯನಗಳೆಲ್ಲವೂ ವಿಷಕ್ಕೆ ಒಳಗಾದವರನ್ನು ಒಳಗಾಗದವರೊಂದಿಗೆ ಹೋಲಿಸಿ ನೋಡುತ್ತವೆ. ಒಳಗಾಗದವರು ಯಾರೂ ಉಳಿದಿಲ್ಲದಿದ್ದರೆ ಹೋಲಿಕೆಗೆ ಬೆಲೆಯಿರುವುದಿಲ್ಲ ಎಂಬುದು ಪ್ಯಾಟರ್ಸನ್ ತೋರಿಸಿಕೊಟ್ಟ ಪಾಠ. ಅವರ ಪ್ರಯೋಗಾಲಯದಲ್ಲಿ ಮಾದರಿಯಿಲ್ಲದೆ ನಡೆಸುತ್ತಿದ್ದ ಖಾಲಿ ಪ್ರಯೋಗಗಳು ಇಂದು ಇಂತಹ ಎಲ್ಲ ಪರೀಕ್ಷೆಗಳ ಅವಿಭಾಜ್ಯ ಅಂಗವಾಗಿವೆ. ಅಮೆರಿಕದಲ್ಲಿ ಮಕ್ಕಳ ರಕ್ತದ ಸೀಸದ ವಿಷಯದಲ್ಲಿ ಕ್ರಮ ಕೈಗೊಳ್ಳಬೇಕಾದ ಮಟ್ಟ 1960ರ ದಶಕದಲ್ಲಿ ಪ್ರತಿ ಡೆಸಿಲೀಟರ್‌ಗೆ 60 ಮೈಕ್ರೋಗ್ರಾಂ ಇದ್ದದ್ದು 1991ರಲ್ಲಿ 10ಕ್ಕೂ 2021ರಲ್ಲಿ 3.5ಕ್ಕೂ ಇಳಿದಿದೆ. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ನಿಲುವು.

ವೈಯಕ್ತಿಕ ಜೀವನ ಮತ್ತು ನಿಧನ

ಪ್ಯಾಟರ್ಸನ್ ದಂಪತಿಗೆ ನಾಲ್ವರು ಮಕ್ಕಳು. ಶಿಕಾಗೊದ ವಿದ್ಯಾರ್ಥಿ ದಿನಗಳಲ್ಲಿ ಲೋರ್ನಾ ಉದ್ಯೋಗ ಮಾಡಿ ಸಂಸಾರವನ್ನು ನಿರ್ವಹಿಸಿದರು. ಗೆಳೆಯರು ಅವರನ್ನು ಪ್ಯಾಟ್ ಎಂದು ಕರೆಯುತ್ತಿದ್ದರು. ಸ್ಥಾನಮಾನಗಳ ವಿಷಯದಲ್ಲಿ ಅವರು ನಿರಾಸಕ್ತರಾಗಿದ್ದರು. ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕ ಹುದ್ದೆಯನ್ನು ಬಹುಕಾಲ ಒಪ್ಪಿಕೊಳ್ಳದೆ 1989ರಲ್ಲಿ ಸ್ವೀಕರಿಸಿ, 1992ರಲ್ಲಿ ನಿವೃತ್ತರಾದರು. ಅಮೆರಿಕದ ಕಾದಂಬರಿಕಾರ ಸಾಲ್ ಬೆಲೊ 1982ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಸೀಸದ ವಿಷವನ್ನು ಕುರಿತು ಎಚ್ಚರಿಸುವ ವಿಜ್ಞಾನಿಯ ಪಾತ್ರಕ್ಕೆ ಪ್ಯಾಟರ್ಸನ್ ಅವರೇ ಪ್ರೇರಣೆಯೆಂದು ಹೇಳಲಾಗುತ್ತದೆ.

ಉಬ್ಬಸದಿಂದ ಬಳಲುತ್ತಿದ್ದ ಪ್ಯಾಟರ್ಸನ್ 1995ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಸೀ ರ‍್ಯಾಂಚ್‌ನಲ್ಲಿದ್ದ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 73 ವರ್ಷ.

ಪ್ರಶಸ್ತಿ ಮತ್ತು ಗೌರವಗಳು

1973 – ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜೆ. ಲಾರೆನ್ಸ್ ಸ್ಮಿತ್ ಪದಕ

1980 – ಭೂರಸಾಯನ ಸಂಘದ ಗೋಲ್ಡ್‌ಸ್ಮಿಟ್ ಪದಕ

1987 – ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ

1995 – ಪರಿಸರ ಕ್ಷೇತ್ರದ ಸಾಧನೆಗಾಗಿ ಟೈಲರ್ ಪ್ರಶಸ್ತಿ

2511ನೆಯ ಕ್ಷುದ್ರಗ್ರಹಕ್ಕೂ ಅಂಟಾರ್ಕ್ಟಿಕಾದ ಕ್ವೀನ್ ಮಾಡ್ ಪರ್ವತಶ್ರೇಣಿಯ ಒಂದು ಶಿಖರಕ್ಕೂ ಪ್ಯಾಟರ್ಸನ್ ಅವರ ಹೆಸರನ್ನು ಇಡಲಾಗಿದೆ.